ಅಪ್ಪ ಕೇಳಿದ ಮೂರಕ್ಷರದ ಪ್ರಶ್ನೆ

ಪತ್ರ:

ಅಕ್ಕಾ, ನಾನು ಬ್ಯಾಡಗಿಯವಳು. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ವ್ಯವಹಾರ ವಿಷಯದ ಬಿಬಿಎ ಎರಡನೇ ವರ್ಷ ಮುಗಿಸುತ್ತಿದ್ದೇನೆ. ಅಪ್ಪನಿಗೆ ಎಪಿಎಂಸಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ‘ನಮ್ಮ ಹುಡುಗಿ ಫಾರಿನ್ ವ್ಯಾಪಾರ ಓದುತ್ತಿದ್ದಾಳೆ’ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ, ದುಬೈನ ಖರೀದಿದಾರರೊಬ್ಬರು ಜೆಬೆಲ್ ಅಲಿ ಬಂದರಿಗೆ ಸಿಐಎಫ್ ದರ ಎಷ್ಟು ಎಂದು ಕೇಳಿ ಅಪ್ಪನ ಮೊಬೈಲಿಗೆ ಸಂದೇಶ ಕಳಿಸಿದ್ದರು. ಗಾದಿಯ ಮೇಲೆ ನಾಲ್ಕೈದು ರೈತರು ಕುಳಿತಿದ್ದರು. ಅವರೆದುರಿಗೇ ಅಪ್ಪ, ‘ಸಿಐಎಫ್ ಅಂದರೆ ಏನವ್ವಾ? ಇವರಿಗೆ ಎಷ್ಟು ದರ ಹೇಳೋಣ?’ ಎಂದು ಕೇಳಿದರು. ಆ ವಿಷಯದಲ್ಲಿ ನನಗೆ 78 ಅಂಕ ಬಂದಿತ್ತು. ಬಾಯಿಯೇ ಬರಲಿಲ್ಲ. ‘ಅದು ಮೂರನೇ ವರ್ಷಕ್ಕೆ ಬರುತ್ತದೆ’ ಎಂದು ಸುಳ್ಳು ಹೇಳಿ ಹಿಂದಿನ ಕೋಣೆಗೆ ಹೋಗಿ ಅತ್ತೆ.

ಈಗ ಕಾಲೇಜಿನವರು ಮೂರನೇ ವರ್ಷವನ್ನು ಇಂಗ್ಲೆಂಡಿನಲ್ಲಿ ಓದಬಹುದು, ಪದವಿ ಅಲ್ಲಿಯದೇ ಸಿಗುತ್ತದೆ ಎನ್ನುತ್ತಿದ್ದಾರೆ. ಎಲ್ಲ ಸೇರಿ 26 ಲಕ್ಷ. ಅಪ್ಪ ಎರಡು ಎಕರೆ ಎರೆಹೊಲ ಮಾರಲು ತಯಾರಾಗಿದ್ದಾರೆ. ತಮ್ಮ ಇನ್ನೂ ಪಿಯುಸಿ. ಅವ್ವ ಏನೂ ಹೇಳುವುದಿಲ್ಲ. ನನಗೆ ಹೋಗುವ ಮನಸ್ಸಿಲ್ಲ. ಆದರೆ ಬೇಡ ಎಂದರೆ, ಎರಡು ವರ್ಷದಲ್ಲಿ ಏನೂ ಕಲಿತಿಲ್ಲ ಎಂಬುದು ಬಯಲಾಗುತ್ತದೆ. ಬಿಬಿಎ ಬಿಟ್ಟು ಊರಿನಲ್ಲೇ ಬಿಕಾಂ ಸೇರಿಬಿಡಲೇ? ಇಂಥ ಓದು ನಮ್ಮಂಥವರಿಗೆ ಅಲ್ಲವೇನೋ.

ಉತ್ತರ:

ಪ್ರೀತಿಯ ತಂಗಿ,

ಅಕ್ಕ ಎಂದು ಕರೆದಿದ್ದೀಯೆ, ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪತ್ರದಲ್ಲಿ ಇಂಗ್ಲೆಂಡಿಗೆ ನಾಲ್ಕು ಸಾಲು ಸಿಕ್ಕಿದೆ, ಅಂಗಡಿಯ ಆ ಒಂದು ಗಳಿಗೆಗೆ ಅದರ ಎರಡರಷ್ಟು. ನೋವು ಎಲ್ಲಿದೆ ಎಂದು ಅದರಿಂದಲೇ ತಿಳಿಯುತ್ತದೆ. ಎರಡು ಎಕರೆ ಹೊಲವನ್ನು ಒಂದು ಮುಜುಗರ ಮುಚ್ಚಿಡಲು ಮಾರುವ ಹಂತಕ್ಕೆ ನಿಮ್ಮ ಮನೆ ಬಂದು ನಿಂತಿದೆ, ಮತ್ತು ಅದು ನಿನ್ನೊಬ್ಬಳಿಗೆ ಮಾತ್ರ ಗೊತ್ತು. ನಿನಗೆ ನಿದ್ದೆ ಬರದಿದ್ದರೆ ಆಶ್ಚರ್ಯವಿಲ್ಲ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೊಲ ಮಾರುವುದು ಬೇಡ. ಬಿಬಿಎ ಬಿಡುವುದೂ ಬೇಡ.

ನಾನು ಎಂ.ಕಾಂ. ಮೊದಲ ದರ್ಜೆಯಲ್ಲಿ ಮುಗಿಸಿ ಮಂಗಳೂರಿನ ರಫ್ತು ಕಚೇರಿಯೊಂದರಲ್ಲಿ ಕಾಗದಪತ್ರದ ಮೇಜಿಗೆ ಸೇರಿದವಳು. ಪಣಂಬೂರಿನ ಬಂದರಿನಿಂದ ಇಟಲಿಗೆ ಕಾಫಿ ಹೋಗುತ್ತಿತ್ತು. ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಅಂದರೆ ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇವೆಂದು ಕೊಳ್ಳುವವರ ಬ್ಯಾಂಕು ಬರೆದುಕೊಡುವ ಪತ್ರದಲ್ಲಿ, ಸರಕಿನ ಹೆಸರು ‘ರೊಬಸ್ಟಾ ಚೆರಿ ಎಬಿ’ ಎಂದಿತ್ತು. ನಾನು ಇನ್‌ವಾಯ್ಸ್‌ನಲ್ಲಿ ‘ರೊಬಸ್ಟಾ ಚೆರಿ’ ಎಂದಷ್ಟೇ ಟೈಪ್ ಮಾಡಿದ್ದೆ. ಆ ಎರಡಕ್ಷರಕ್ಕಾಗಿ ಬ್ಯಾಂಕು ಹಣ ತಡೆಹಿಡಿಯಿತು. ಕಾಫಿ ಸಮುದ್ರದ ನಡುವೆ ಇತ್ತು. ಚೀಲದಲ್ಲಿ ಇದ್ದದ್ದು ಎಬಿ ದರ್ಜೆಯೇ ಎಂದು ಎಷ್ಟು ಹೇಳಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಈ ವ್ಯವಹಾರದಲ್ಲಿ ಬ್ಯಾಂಕು ಸರಕನ್ನು ನೋಡುವುದಿಲ್ಲ, ಕಾಗದವನ್ನು ಮಾತ್ರ ನೋಡುತ್ತದೆ. ನಾನು ಆ ಪಾಠವನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೆ. ನಮ್ಮ ವ್ಯವಸ್ಥಾಪಕರು ಬೈಯಲಿಲ್ಲ. ಮರುದಿನದಿಂದ ಪ್ರತಿ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು, ಎರಡು ಕಾಗದಗಳನ್ನೂ ಗಟ್ಟಿಯಾಗಿ ಓದಿಸಿದರು. ನನಗೆ ವಿದ್ಯೆ ಹತ್ತಿದ್ದು ಆ ಅಡಿಪಟ್ಟಿಯಿಂದ. ನಿನಗೆ ಬಂದ 78 ಅಂಕ ಸುಳ್ಳಲ್ಲ, ತಂಗಿ. ಕೈಗೆ ಇಳಿಯದ ಓದು ನಾಲಿಗೆಗೂ ಬರುವುದಿಲ್ಲ, ಅಷ್ಟೇ ಆದದ್ದು.

ನಿನ್ನ ಪದವಿಯ ಸ್ವಭಾವವೂ ಹಾಗೆಯೇ ಇದೆ. ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂದಿದ್ದರೂ ಬಹುಪಾಲು ವಿಷಯಗಳು ಎಲ್ಲ ಬಿಬಿಎಯಲ್ಲೂ ಇರುವಂಥವು: ಲೆಕ್ಕಪತ್ರ, ಮಾರುಕಟ್ಟೆ, ಸಿಬ್ಬಂದಿ ನಿರ್ವಹಣೆ, ಸಂಖ್ಯಾಶಾಸ್ತ್ರ. ರಫ್ತು ಆಮದಿನದು ಕೆಲವೇ ಪತ್ರಿಕೆಗಳು, ಅವೂ ವ್ಯಾಖ್ಯೆಗಳಲ್ಲೇ ಮುಗಿದುಹೋಗುತ್ತವೆ. ರಫ್ತಿಗಾಗಿ ಕಸ್ಟಮ್ಸಿಗೆ ಸಲ್ಲಿಸುವ ನಿಜವಾದ ಶಿಪ್ಪಿಂಗ್ ಬಿಲ್ಲನ್ನಾಗಲಿ, ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗನ್ನಾಗಲಿ ಕೈಯಲ್ಲಿ ಹಿಡಿಯದೆ ಪದವಿ ಪಡೆದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಇದು ಮಕ್ಕಳಿಗೆ ಆಗುತ್ತಿರುವ ಅನ್ಯಾಯ ಎಂದು ನನಗೆ ಸಿಟ್ಟಿದೆ. ಆದರೆ ಬಿಕಾಂಗೆ ಹಾರಿದರೆ ಎರಡು ವರ್ಷ ಕಳೆದುಕೊಂಡು ಇದೇ ಜಾಗಕ್ಕೆ ಬರುತ್ತೀಯೆ. ಒಂದು ವರ್ಷ ಉಳಿದಿದೆ, ಮುಗಿಸು.

ಇನ್ನು ಇಂಗ್ಲೆಂಡ್. ಅಲ್ಲಿ ಓದುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹೊಲ ಮಾರಿ ಹೋಗುವವರು ಲೆಕ್ಕ ನೋಡಿಯೇ ಹೋಗಬೇಕು. ಓದುವಾಗ, ತರಗತಿಗಳಿರುವ ದಿನಗಳಲ್ಲಿ, ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕುವ ವೀಸಾ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲಾಗಿದೆ. ಆಮೇಲೆ ನಿಲ್ಲಬೇಕಾದರೆ ಉದ್ಯೋಗದಾತರು ಪ್ರಾಯೋಜಿಸುವ ವೀಸಾ ಬೇಕು. 2025ರ ಜುಲೈಯಲ್ಲಿ ಅದರ ಸಾಮಾನ್ಯ ವೇತನಮಿತಿ ವರ್ಷಕ್ಕೆ 41,700 ಪೌಂಡ್ ಆಯಿತು, ಹೊಸಬರಿಗೆ 33,400. ಅನುಭವವಿಲ್ಲದ ಬಿಬಿಎ ಪದವೀಧರೆಗೆ ಅಷ್ಟು ಸಂಬಳ ಕೊಟ್ಟು ಕಾಗದವನ್ನೂ ಮಾಡಿಸಿಕೊಡುವ ಕಂಪನಿ ಸಿಗುವುದು ಸುಲಭವಲ್ಲ. ಮೂರನೇ ವರ್ಷಕ್ಕೆ ನೇರವಾಗಿ ಸೇರಿದವರಿಗೆ ಆ 18 ತಿಂಗಳ ವೀಸಾ ಸಿಗುತ್ತದೆಯೇ ಎಂಬುದನ್ನು ನಿಮ್ಮ ಕಾಲೇಜಿನವರು ಬರಹದಲ್ಲಿ ಕೊಡಲಿ. ಅಲ್ಲಿ ಎಷ್ಟು ತಿಂಗಳು ಓದಿರಬೇಕು ಎಂಬುದಕ್ಕೆ ನಿಯಮವಿದೆ. ಬಾಯಿಮಾತಿನಲ್ಲಿ ‘ಎಲ್ಲ ಆಗುತ್ತದೆ’ ಎನ್ನುವವರಿಗೆ ಮುಂಗಡ ಕಟ್ಟಬೇಡಿ. ಸ್ವಲ್ಪ ಅನುಭವದ ನಂತರ ನಿನಗೇ ಮನಸ್ಸಾದರೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗಳಿವೆ. ದೆಹಲಿಯಲ್ಲಿ 1963ರಲ್ಲಿ ಆರಂಭವಾದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯಿದೆ, ಅಲ್ಲಿ ಇದೇ ವಿಷಯದಲ್ಲಿ ಎಂಬಿಎ ಮಾಡಬಹುದು. ಅಂದು ಬೇಕೆನಿಸಿದರೆ ಹೋಗು. ಇಂದು ನೀನು ಹೋಗುವುದು ಓಡಿಹೋದಂತೆ.

‘ನಮ್ಮಂಥವರಿಗೆ ಅಲ್ಲವೇನೋ’ ಎಂದು ಬರೆದೆಯಲ್ಲ, ಆ ಸಾಲು ಓದಿ ನನಗೆ ಕಸಿವಿಸಿಯಾಯಿತು. ನಿಮ್ಮ ಬಯಲುಸೀಮೆಯ ಐಹೊಳೆಯ ಹೆಸರು ಹೊತ್ತ ಐನೂರ್ವರು ಎಂಬ ವರ್ತಕರ ಸಂಘವು ನಾನಾದೇಶಿ ಎಂದು ಕರೆಸಿಕೊಳ್ಳುತ್ತಿತ್ತು. ಆ ಐನೂರ್ವರ ಹೆಸರಿರುವ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿದೆ. ನಿನ್ನ ಪದವಿಯ ಹೆಸರಿಗೆ ‘ನಾನಾದೇಶಿ’ಗಿಂತ ಒಳ್ಳೆಯ ಕನ್ನಡವನ್ನು ನಾನು ಕಾಣೆ. ಇಂದಿಗೂ ನಿಮ್ಮ ಪೇಟೆಯ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದದ್ದು, ಖಾರಕ್ಕಿಂತ ಬಣ್ಣಕ್ಕಾಗಿ ಹೆಸರಾದದ್ದು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ಎಲ್ಲೆಲ್ಲಿಯೋ ತಿನಿಸಿಗೆ, ತುಟಿಬಣ್ಣಕ್ಕೆ ಸೇರುತ್ತದೆ. ಹೊರದೇಶದ ವ್ಯಾಪಾರ ಕಲಿಯಲು ನಿನಗಿಂತ ಒಳ್ಳೆಯ ಜಾಗದಲ್ಲಿ ಹುಟ್ಟಿದ ಹುಡುಗಿ ನಿನ್ನ ತರಗತಿಯಲ್ಲಿ ಇನ್ನೊಬ್ಬಳು ಇರಲಾರಳು.

ಹಾಗಾಗಿ ಅಪ್ಪ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡು. ತಡವಾದರೂ ಸರಿ, ಅವರಿಗೇ ಕೊಡು. ಒಂದು ದೊಡ್ಡ ಹಾಳೆ ತೆಗೆದುಕೋ. ಮೇಲೆ ಅಂಗಡಿಯ ಕ್ವಿಂಟಲ್ ದರ. ಅದರ ಕೆಳಗೆ ಎಪಿಎಂಸಿ ಶುಲ್ಕ, ಹಮಾಲಿ, ಶೀತಲಗೃಹದ ಬಾಡಿಗೆ, ತೊಟ್ಟು ತೆಗೆಸುವ ಕೂಲಿ, ಚೀಲ, ಪ್ರಯೋಗಾಲಯದ ಪರೀಕ್ಷೆ, ಬಂದರಿನವರೆಗಿನ ಲಾರಿ ಬಾಡಿಗೆ, ಕಸ್ಟಮ್ಸ್ ಬ್ರೋಕರ್ ಶುಲ್ಕ, ಬಂದರಿನ ಖರ್ಚು. ಹಡಗು ಏರುವವರೆಗಿನ ಈ ಮೊತ್ತಕ್ಕೆ ನಿಮ್ಮ ಲಾಭ ಸೇರಿಸಿದರೆ ಎಫ್‌ಒಬಿ ದರ. ಅದಕ್ಕೆ ಜೆಬೆಲ್ ಅಲಿವರೆಗಿನ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿದರೆ ಸಿಐಎಫ್. ವಿಮೆಯನ್ನು ಒಪ್ಪಂದದ ಬೆಲೆಯ ಶೇ 110ರಷ್ಟಕ್ಕಾದರೂ ಮಾಡಿಸಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಅಪ್ಪನಿಗೆ ಬಿಡಿಸಿ ಹೇಳು: ಬಾಡಿಗೆ ಕೊಡುವವರು ನೀವೇ ಆದರೂ, ಸರಕು ಇಲ್ಲಿಯ ಬಂದರಿನಲ್ಲಿ ಹಡಗಿನ ಮೇಲೆ ಏರಿದಾಗಲೇ ನಷ್ಟದ ಹೊಣೆ ಕೊಳ್ಳುವವರಿಗೆ ದಾಟುತ್ತದೆ. ಅರ್ಧ ಜೀವಮಾನ ಲಾರಿ ಬಾಡಿಗೆಯ ತಕರಾರು ಬಿಡಿಸಿದ ಮನುಷ್ಯ ಇದನ್ನು ಅರೆಕ್ಷಣದಲ್ಲಿ ಹಿಡಿಯುತ್ತಾರೆ, ಮತ್ತು ನಿನಗೆ ಹೊಳೆಯದ ಇನ್ನೆರಡು ಪ್ರಶ್ನೆ ಕೇಳುತ್ತಾರೆ. ಈ ನಿಯಮಗಳ ಹೆಸರು ಇನ್‌ಕೋಟರ್ಮ್ಸ್, 2020ರ ಆವೃತ್ತಿಯಲ್ಲಿ ಒಟ್ಟು 11 ಇವೆ. ಕಂಟೇನರಿನಲ್ಲಿ ಹೋಗುವ ಸರಕಿಗೆ ಸಿಐಎಫ್‌ಗಿಂತ ಸಿಐಪಿ ಎಂಬುದು ಹೆಚ್ಚು ಹೊಂದುತ್ತದೆ. ಏಕೆಂದು ನೀನೇ ಹುಡುಕು.

ದುಬೈನ ಆ ಸಂದೇಶದ ಬಗ್ಗೆ ಒಂದು ಎಚ್ಚರಿಕೆ. ಪರಿಚಯವಿಲ್ಲದವರಿಗೆ ಒಂದು ಚೀಲವನ್ನೂ ಸಾಲದ ಮೇಲೆ ಕಳಿಸಬೇಡಿ. ಮುಂಗಡ ಹಣ ಅಥವಾ ಒಳ್ಳೆಯ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಬೇಕು. ಹಣ ಬಾರದಿದ್ದರೆ ಎಂಬ ಭಯಕ್ಕೆ ಇಸಿಜಿಸಿ ಎಂಬ ಸರ್ಕಾರಿ ಸಂಸ್ಥೆ ವಿಮೆ ಕೊಡುತ್ತದೆ. ರಫ್ತು ಮಾಡಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಐಇಸಿ ಎಂಬ ಆಮದು-ರಫ್ತುದಾರರ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ. ಮಸಾಲೆ ಪದಾರ್ಥವಾದ್ದರಿಂದ ಕೊಚ್ಚಿಯ ಸಂಬಾರ ಮಂಡಳಿಯ ನೋಂದಣಿಯೂ ಬೇಕು. ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಒಣ ಮೆಣಸಿನಕಾಯಿಯ ಸಂಖ್ಯೆ 0904ರಿಂದ ಶುರುವಾಗುತ್ತದೆ. ಅದೇ ಕಾಯಿಯಿಂದ ಓಲಿಯೋರೆಸಿನ್ ತೆಗೆದರೆ ಅದು ಆ ಪಟ್ಟಿಯ 33ನೇ ಅಧ್ಯಾಯಕ್ಕೆ ಜಿಗಿಯುತ್ತದೆ. 2022ರ ಮೇ 1ರಿಂದ ಯುಎಇ ಜೊತೆ ನಮಗೆ ವ್ಯಾಪಾರ ಒಪ್ಪಂದವಿದೆ. ನಿಮ್ಮ ಸರಕಿಗೆ ಅದರಲ್ಲಿ ಏನು ರಿಯಾಯಿತಿ, ಅದಕ್ಕೆ ಮೂಲದೇಶದ ಪ್ರಮಾಣಪತ್ರ ಯಾರು ಕೊಡುತ್ತಾರೆ ಎಂದು ನೋಡು. ನಿನ್ನ ಮೂರನೇ ವರ್ಷದ ಪ್ರಾಜೆಕ್ಟ್ ವರದಿಗೆ ಇದಕ್ಕಿಂತ ಬೇರೆ ವಿಷಯ ಬೇಕೇ?

ಅಪ್ಪನಿಂದ ನೀನು ಕಲಿಯಬೇಕಾದದ್ದೂ ಇದೆ. ಅವರು ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಬೀಜದ ಸದ್ದಿನಿಂದ ಒಣಗಿದೆಯೋ ಇಲ್ಲವೋ ಹೇಳುವುದನ್ನು ನೀನು ಚಿಕ್ಕಂದಿನಿಂದ ನೋಡಿರುತ್ತೀಯೆ. ಯುರೋಪ್ ಒಕ್ಕೂಟವು ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ. ಆ ಬೂಸ್ಟು ಹಿಡಿಯುವುದು ತೇವ ಉಳಿದ ಕಾಯಿಗೆ. ಪ್ರಯೋಗಾಲಯ ಅಳೆಯುವ ಮುನ್ನವೇ ನಿನ್ನ ಅಪ್ಪನ ಕಿವಿ ಅದರ ಸುಳಿವು ಹಿಡಿಯುತ್ತದೆ. ಈ ಎರಡೂ ತಿಳಿದವರು ರಫ್ತು ಕಚೇರಿಗಳಲ್ಲಿ ಬಹಳ ಕಡಿಮೆ. ನಾನು ಕೆಲಸಕ್ಕೆ ಆಯ್ಕೆ ಮಾಡುವ ಜಾಗದಲ್ಲಿದ್ದಾಗ ಅಂಥವರಿಗಾಗಿ ತಿಂಗಳುಗಟ್ಟಲೆ ಕಾದಿದ್ದೇನೆ.

ಉದ್ಯೋಗದ ಮಾತು ಚಿಕ್ಕದಾಗಿ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಎಲ್ಲ ಪದವೀಧರರಿಗೂ ಕೊಡುವ ಮಾರಾಟದ ಕೆಲಸವನ್ನೇ ನಿಮಗೂ ಕೊಡುತ್ತವೆ. ಅದಕ್ಕೆ ಎದೆಗುಂದಬೇಡ. ಈ ಬೇಸಿಗೆಯಲ್ಲೇ ಬೆಂಗಳೂರಿನ ಯಾವುದಾದರೂ ಸರಕು ಸಾಗಣೆ ಕಚೇರಿಯಲ್ಲೋ ಕಸ್ಟಮ್ಸ್ ಬ್ರೋಕರ್ ಬಳಿಯೋ ಎರಡು ತಿಂಗಳು ಕುಳಿತುಕೋ, ಸಂಬಳ ಕೇಳದಿದ್ದರೂ ಪರವಾಗಿಲ್ಲ. ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಒಮ್ಮೆ ನೋಡಿ ಬಾ. ರಫ್ತು ಕಾಗದಗಳನ್ನು ಪರಿಶೀಲಿಸುವ ಬ್ಯಾಂಕ್ ವಿಭಾಗಗಳಿವೆ, ಉಡುಪು ರಫ್ತಿನ ಕಂಪನಿಗಳಿವೆ. ಮೊದಲ ಸಂಬಳ ಕಡಿಮೆಯೇ ಇರುತ್ತದೆ, ಮನೆಯಲ್ಲಿ ಅದನ್ನೂ ಈಗಲೇ ಹೇಳಿಡು.

ಇನ್ನು ಕಷ್ಟದ ಭಾಗ. ಫೋನಿನಲ್ಲಿ ಹೇಳಬೇಡ, ಊರಿಗೆ ಹೋಗು. ಆವಕ ಕಡಿಮೆ ಇರುವ ದಿನ ನೋಡಿಕೊಂಡು, ಅಂಗಡಿ ಮುಚ್ಚುವ ಹೊತ್ತಿಗೆ ಗಾದಿಯ ಮೇಲೆ ಅಪ್ಪನ ಪಕ್ಕ ಕುಳಿತು ಆ ಹಾಳೆಯನ್ನು ಮುಂದಿಡು. ‘ಅಪ್ಪಾ, ಅವತ್ತು ಮೂರನೇ ವರ್ಷಕ್ಕೆ ಬರುತ್ತದೆ ಎಂದಿದ್ದೆನಲ್ಲ, ಅದು ಸುಳ್ಳು. ಓದಿದ್ದೆ, ಆದರೆ ಹೇಳಲು ಬರಲಿಲ್ಲ. ಈಗ ಇಷ್ಟು ಬರುತ್ತದೆ. ಈ ಖಾಲಿ ಜಾಗಗಳ ದರ ನಿಮಗೇ ಗೊತ್ತು’ ಎನ್ನು. ಹೊಲದ ಮಾತನ್ನು ಆಮೇಲೆ ತೆಗೆ. ಅಷ್ಟು ಜನರೆದುರು ಅವರು ನಿನ್ನನ್ನು ಕೇಳಿದ್ದು ಪರೀಕ್ಷಿಸಲು ಅಲ್ಲ. ತಮಗೆ ತಿಳಿಯದ್ದು ಮಗಳಿಗೆ ತಿಳಿದಿದೆ ಎಂಬ ಹೆಮ್ಮೆಯಿಂದ. ಆ ಹೆಮ್ಮೆಗೆ ಪೆಟ್ಟು ಬೀಳಬಹುದು. ಒಂದೆರಡು ದಿನ ಮಾತು ಬಿಟ್ಟರೆ ಬಿಡಲಿ, ನೀನು ಅಂಗಡಿಗೆ ಹೋಗುವುದನ್ನು ನಿಲ್ಲಿಸಬೇಡ.

ಆದರೆ ಅದಕ್ಕೂ ಮುನ್ನ, ಹಿಂದಿನ ರಾತ್ರಿ, ಅವ್ವನ ಬಳಿ ಹೋಗು. ಹೊಲ ಮಾರುವ ಮಾತು ಮನೆಯಲ್ಲಿ ನಡೆಯುವಾಗ ಒಬ್ಬ ಹೆಂಗಸು ಏನೂ ಹೇಳದೆ ಕುಳಿತಿದ್ದಾಳೆ ಎಂದರೆ ಅವಳಿಗೆ ಹೇಳುವುದು ಬಹಳ ಇದೆ. ಅವಳನ್ನು ಯಾರೂ ಕೇಳಿಲ್ಲ. ನೀನು ಕೇಳು.