ಬೈಕಿಗೆ ಹಳೆಯ ಡೀಸೆಲ್ ಎಂಜಿನ್ ಕೊಳ್ಳುವಾಗ ಏನನ್ನು ನೋಡಬೇಕು?

ಬದಿಯಡ್ಕದ ಕಡೆ ಅಡಿಕೆ ತೋಟದ ಪಂಪಿನಿಂದ ಬಿಚ್ಚಿದ ಸಣ್ಣ ಡೀಸೆಲ್ ಎಂಜಿನ್ ಸಿಗುತ್ತಿದೆ, ಆದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಅದನ್ನು ಬುಲೆಟ್‌ಗೆ ಕೂರಿಸಬಹುದೇ ಎಂದು ಕೇಳಿದ್ದೀರಿ.

ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಿ. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ತಣಿಯುವವರೆಗೆ ಕಾಯಿರಿ, ಏಕೆಂದರೆ ಸವೆದ ಪಿಸ್ಟನ್ ರಿಂಗುಗಳ ದೋಷ ಬಿಸಿಯಲ್ಲಿ ಮರೆಯಾಗುತ್ತದೆ. ಡಿಕಂಪ್ರೆಶನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವ ಹಿಡಿ) ಒತ್ತದೆ ಕೈಯಿಂದ ತಿರುಗಿಸಿದಾಗ ಗಟ್ಟಿಯಾದ ತಡೆ ಸಿಗದಿದ್ದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ, ಕುಸಿದಿದೆ ಎಂದು ತಿಳಿಯಬೇಕು. ಅದು ಸರಿಯಿದ್ದರೆ, ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್ನಿನಲ್ಲಿ ಮೊದಲು ಶಂಕಿಸಬೇಕಾದದ್ದು ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿಯನ್ನು: ಫಿಲ್ಟರ್ ಬದಲಿಸಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹರಿಯಬಿಡಿ. ಆಮೇಲೂ ಬರೀ ಬಿಳಿ ಹೊಗೆ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನೂ ಅದು ಚಿಮ್ಮಿಸುವ ಟೈಮಿಂಗನ್ನೂ ನೋಡಿಸಿ. ಬಿಡದೆ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅಂಥದ್ದನ್ನು ಅಗ್ಗಕ್ಕೆ ಕೊಟ್ಟರೂ ನಾನಂತೂ ಕೊಳ್ಳೆನು.

ನೀರಿನಿಂದ ತಂಪಾಗುವ, ನಿಧಾನಗತಿಯ ಭಾರೀ ಪಂಪ್ ಎಂಜಿನ್ ಬೈಕಿಗೆ ಒಗ್ಗದು. ಎನ್‌ಫೀಲ್ಡ್ ಕಂಪನಿಯೇ ತನ್ನ ಡೀಸೆಲ್ ಬೈಕಿಗೆ ಬಳಸಿದ್ದು 325 ಸಿಸಿಯ, ಸುಮಾರು 6.5 ಅಶ್ವಶಕ್ತಿಯ, ಗಾಳಿಯಿಂದ ತಂಪಾಗುವ ಗ್ರೀವ್ಸ್ ಲೊಂಬಾರ್ಡಿನಿ ಎಂಜಿನನ್ನು. ಅದು ಸಿಕ್ಕರೂ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಓ ಒಪ್ಪಿಗೆ ಸಿಗುವುದೇ ಎಂದು ವಿಚಾರಿಸಿದ ಬಳಿಕವೇ ಮುಂಗಡ ಕೊಡಿ.