ವಿಚ್ಛೇದನದ ಕಾಗದಕ್ಕಾಗಿ ಕಾಯುತ್ತ ಕೂರಬೇಡಿ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಮದುವೆಯಾಗಿ ಪುಣೆಗೆ ಬಂದು 17 ವರ್ಷವಾಯಿತು. ಪೋಲಿಯೊದಿಂದ ಬಲಗಾಲಿಗೆ ಶಕ್ತಿಯಿಲ್ಲ. ಊರಿನಲ್ಲಿ ಮಾಡಿಸಿದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ವೈಕಲ್ಯ ಶೇ. 60 ಎಂದಿದೆ. ಮೂರು ವರ್ಷದ ಹಿಂದೆ ಯಜಮಾನರು ಬಿಟ್ಟು ಹೋದರು. ಮಕ್ಕಳಿಬ್ಬರಿಗೆ 14 ಮತ್ತು 9 ವರ್ಷ. ಸೀರೆಗೆ ಫಾಲ್ ಹೊಲಿದು ತಿಂಗಳಿಗೆ ಮೂರೂವರೆ ಸಾವಿರ ಸಿಗುತ್ತದೆ. ವಿಚ್ಛೇದನವಾಗದೆ ಪಿಂಚಣಿ ಇಲ್ಲ, 5,000 ರೂಪಾಯಿ ಕೊಟ್ಟರೆ ವಿಧವೆಯೆಂದು ಬರೆಸಿ ಮಂಜೂರು ಮಾಡಿಸುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಏನು ಮಾಡಲಿ?
— ಓದುಗರು, ಹಡಪಸರ್

ಉತ್ತರ: ತಾಯಿ, ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಪ್ರತಿ ಸಲವೂ ಪ್ರಶ್ನೆಯ ಹಿಂದೆ ಒಬ್ಬ ಏಜೆಂಟ್ ಇದ್ದೇ ಇರುತ್ತಾನೆ. ಮೊದಲು ಅವನನ್ನು ಮನೆಯಿಂದಾಚೆ ಕಳುಹಿಸಿ. ಗಂಡ ಸತ್ತಿದ್ದಾನೆಂದು ಸರ್ಕಾರಕ್ಕೆ ಬರೆದುಕೊಟ್ಟವರು ನಾಳೆ ಅದೇ ಗಂಡನಿಂದ ಜೀವನಾಂಶ ಕೇಳುವುದು ಹೇಗೆ? ಆ ಸುಳ್ಳು ಕಾಗದವನ್ನು ನ್ಯಾಯಾಲಯದಲ್ಲಿ ಹಿಡಿದು ತೋರಿಸಲು ಎದುರು ವಕೀಲರಿಗೆ ಎರಡು ನಿಮಿಷ ಸಾಕು.

ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ವಿಧವೆಯರು, ಗಂಡ ಬಿಟ್ಟವರು, ಅಂಗವಿಕಲರು ಎಂದು ಬೇರೆ ಬೇರೆ ವರ್ಗಗಳಿವೆ. ನಿಮ್ಮಂಥವರು ಗಂಡ ಬಿಟ್ಟವರ ಸಾಲಿನಲ್ಲಿ ಹೋಗಿ ನಿಂತು, ದಾಖಲೆಯಿಲ್ಲವೆಂದು ತಹಸೀಲ್ದಾರ್ ಕಚೇರಿಯಿಂದ ಹಿಂತಿರುಗುತ್ತೀರಿ. ಆ ಸಾಲಿನಲ್ಲಿ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿ ಮೀರಬಾರದು, ನಿಮ್ಮದು 42,000. ಅಂಗವಿಕಲರಿಗೆ ಇರುವ ಮಿತಿ 50,000, ವೈಕಲ್ಯ ಶೇ. 40 ಇದ್ದರೆ ಸಾಕು, ಮದುವೆಯ ಸ್ಥಿತಿಗತಿ ಅಲ್ಲಿ ಅಡ್ಡ ಬರುವುದಿಲ್ಲ. ಮಾಸಾಶನವನ್ನೂ ಅಂಗವಿಕಲರಿಗೆ 2025ರಲ್ಲಿ 1,500ರಿಂದ 2,500ಕ್ಕೆ ಏರಿಸಲಾಗಿದೆ. ಆದ್ದರಿಂದ ಅಂಗವಿಕಲರ ವರ್ಗದಲ್ಲೇ ಅರ್ಜಿ ಹಾಕಿ. ಕರ್ನಾಟಕದ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಆ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ.

ನಿಜವಾಗಿ ತೊಡಕಾಗುವುದು ಈ ಯೋಜನೆ ಕೇಳುವ, ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ಪುರಾವೆ. ನಮ್ಮ ಜನ ಇಲ್ಲಿ ದುಡಿಯುತ್ತಾರೆ, ರೇಷನ್ ಕಾರ್ಡು ಮತ್ತು ವೋಟು ಮಾತ್ರ ಊರಿನಲ್ಲಿ. ಹಳೆಯ ಬಾಡಿಗೆ ಕರಾರು, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಇಲ್ಲಿನ ವಿದ್ಯುತ್ ಬಿಲ್ಲು, ಏನು ಸಿಕ್ಕರೂ ವರ್ಷವಾರು ಜೋಡಿಸಿಕೊಂಡು ಅಧಿವಾಸ (ಡೊಮಿಸೈಲ್) ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಆಧಾರಿನ ವಿಳಾಸವನ್ನು ಈಗಲೇ ಪುಣೆಗೆ ಬದಲಾಯಿಸಿ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಸರ್ಕಾರ ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಹಣವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ನನ್ನ ಬಳಿ ಬಂದಿದ್ದ ಒಬ್ಬಾಕೆಗೆ ಮಂಜೂರಾತಿ ಪತ್ರ ಕೈಸೇರಿ ಹದಿನಾಲ್ಕು ತಿಂಗಳಾದರೂ ಹಣ ಕಂಡಿರಲಿಲ್ಲ; ಅದು ಊರಿನ ಬ್ಯಾಂಕಿನಲ್ಲಿ ಬೀಳುತ್ತಿತ್ತು, ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿತ್ತು. ಬ್ಯಾಂಕಿಗೆ ಹೋಗಿ ಜೋಡಣೆ ಯಾವ ಖಾತೆಗಿದೆ ಎಂದು ಕೇಳಿ ನೋಡಿ.

ಮಕ್ಕಳಿಗಾಗಿ ಬೇರೆಯೇ ಇಲಾಖೆ, ಬೇರೆಯೇ ಅರ್ಜಿ. ಸಾವಿತ್ರಿಬಾಯಿ ಫುಲೆ ಬಾಲ ಸಂಗೋಪನ ಯೋಜನೆಯಲ್ಲಿ ಒಂಟಿ ಪಾಲಕರ ಮಗುವಿಗೆ 18 ವರ್ಷ ತುಂಬುವವರೆಗೆ ತಿಂಗಳಿಗೆ 2,250 ರೂಪಾಯಿ ಸಿಗುತ್ತದೆ. ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಮನೆಗೆ ಬಂದು ವಿಚಾರಿಸುತ್ತಾರೆ, ನಂತರ ಬಾಲ ಕಲ್ಯಾಣ ಸಮಿತಿಯ ಆದೇಶವಾಗುತ್ತದೆ. ನಿಧಾನವಾಗುತ್ತದೆ, ಬೆನ್ನು ಬಿಡಬೇಡಿ.

ಇಷ್ಟೆಲ್ಲ ಆದರೂ ಗಂಡನ ಹೊಣೆ ತೀರುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಳೆಯ 125ರಡಿ, ವಿಚ್ಛೇದನವಿಲ್ಲದೆಯೇ ನಿಮಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು, ಅದೂ ನೀವಿರುವ ಊರಿನ ನ್ಯಾಯಾಲಯದಲ್ಲಿ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯಾಗಿಯೂ ಅಂಗವಿಕಲರಾಗಿಯೂ ನೀವು ಉಚಿತ ವಕೀಲರಿಗೆ ಅರ್ಹರು. ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ. ‘ಅವರಾಗಿ ಬಂದಾರು’ ಎಂದು ಕಾಯುವ ಹೆಂಗಸರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕವಾಗುತ್ತದೆ, ಕಾದ ದಿನಗಳ ಹಣವನ್ನು ಯಾರೂ ಕೊಡುವುದಿಲ್ಲ.

ಉಳಿದ ಪತ್ರಗಳಿಗೆ ಚುಟುಕಾಗಿ.

ಭಾಂಡೂಪಿನವರಿಗೆ: ಮಹಾರಾಷ್ಟ್ರ ಸರ್ಕಾರ ಮಹಿಳೆಯರಿಗೆ ತಿಂಗಳಿಗೆ ಕೊಡುವ ಲಾಡಕಿ ಬಹಿಣ್ ಯೋಜನೆಯ 1,500 ಮತ್ತು ನಿರಾಧಾರ ಅನುದಾನ ಎರಡೂ ಒಟ್ಟಿಗೆ ಸಿಗುವುದಿಲ್ಲ, ಅಂಗವಿಕಲರ 2,500 ದೊಡ್ಡದೋ 1,500 ದೊಡ್ಡದೋ ನೀವೇ ಲೆಕ್ಕ ಹಾಕಿಕೊಳ್ಳಿ.

ಮಡಗಾಂವಿನವರಿಗೆ: ಮಹಾರಾಷ್ಟ್ರದ ನಿಯಮ ನಿಮಗೆ ಅನ್ವಯಿಸದು. ನೀವು ವಿಚಾರಿಸಬೇಕಾದದ್ದು ಗೋವಾದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯನ್ನು, ಅಲ್ಲಿಯೂ 15 ವರ್ಷದ ವಾಸ ಬೇಕು.

ಪಿಂಪ್ರಿಯವರಿಗೆ: ಪೋಲಿಯೊ ಕಾಲಿಗೆ ಮೂರು ತಿಂಗಳಲ್ಲಿ ಶಕ್ತಿ ಬರಿಸುವ ತೈಲ ಯಾವುದೂ ಇಲ್ಲ. ಸತ್ತುಹೋದ ನರಕೋಶಗಳು ಇರುವುದು ಬೆನ್ನುಹುರಿಯಲ್ಲಿ, ಎಣ್ಣೆ ತಿಕ್ಕುವುದು ಚರ್ಮಕ್ಕೆ. ಆ ‘ವೈದ್ಯ’ರಿಗೆ ಕೊಡಲು ಇಟ್ಟಿರುವ 8,000 ರೂಪಾಯಿಯನ್ನು ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರದ ಪಟ್ಟಿ) ರಿಪೇರಿಗೆ ಬಳಸಿ.

ಊರಿನ ಪಿಂಚಣಿಯನ್ನೂ ಇಲ್ಲಿನದನ್ನೂ ಒಟ್ಟಿಗೆ ಪಡೆಯಬಹುದೇ ಎಂದು ಕೇಳಿದ ಮೂವರಿಗೆ: ಪಡೆಯಬಾರದು. ಎರಡೂ ಕಡೆ ಆಧಾರ್ ಒಂದೇ. ಮೊದಲು ಅಲ್ಲಿನದನ್ನು ರದ್ದು ಮಾಡಿಸಿ, ರದ್ದಾದ ಪತ್ರವನ್ನು ಇಲ್ಲಿನ ಅರ್ಜಿಗೆ ಲಗತ್ತಿಸಿ.