ಬೋಟ್ ಕ್ಲೀನಿಂಗ್: ಅಡಿ ಲೆಕ್ಕದ ದರಕ್ಕೆ ಒಪ್ಪುವ ಮುನ್ನ

28 ಅಡಿಯ ಫೈಬರ್ ಬೋಟಿನ ಮೈ ಬಿಳಚಿಕೊಂಡಿದೆ, ಕ್ಲೀನಿಂಗ್‌ನವರು ಅಡಿಗೆ ಇಷ್ಟು ಎಂದು ದರ ಹೇಳಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಬಹುದು. ಆದರೆ ಆ ದರದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ತೊಳೆಯುವುದು, ಕಾಂಪೌಂಡ್ (ಮೈ ತಿಕ್ಕುವ ತರಿಯಿರುವ ಪೇಸ್ಟ್) ಹಾಕಿ ಉಜ್ಜುವುದು, ಪಾಲಿಶ್, ವ್ಯಾಕ್ಸ್ ನಾಲ್ಕೂ ಬೇರೆ ಬೇರೆ ಕೆಲಸ. ಜಗಳ ಹುಟ್ಟುವುದೇ ಇಲ್ಲಿ.

ಅವರು ಬರುವ ಮೊದಲು ಒಣಗಿದ ಮೈಯನ್ನು ಕಪ್ಪು ಬಟ್ಟೆಯಲ್ಲಿ ಒರೆಸಿ ನೋಡಿ. ಸುಣ್ಣದ ಹಾಗೆ ಬಿಳಿ ಪುಡಿ ಅಂಟಿದರೆ ಜೆಲ್‌ಕೋಟ್‌ನ (ಫೈಬರ್ ಮೇಲಿನ ಬಣ್ಣದ, ಹೊಳಪಿನ ಹೊರಲೇಪದ) ಮೇಲ್ಪದರ ಬಿಸಿಲಿಗೆ ಸತ್ತಿದೆ. ಅಲ್ಲೇ ಒಂದಿಷ್ಟು ನೀರು ಹಾಕಿ. ಒದ್ದೆಯಾದಷ್ಟು ಜಾಗದಲ್ಲಿ ಮೂಲ ಬಣ್ಣ ಮರಳಿದರೆ ಉಜ್ಜಿದಾಗ ಹೊಳಪು ಬಂದೀತು. ಪುಡಿ ತೆಗೆಯದೆ ಬರೀ ವ್ಯಾಕ್ಸ್ ಬಳಿದರೆ ನಾಲ್ಕು ದಿನದ ಮಿಂಚು ಅಷ್ಟೆ.

ನನಗೆ ಹೆಚ್ಚು ಆತಂಕ ಇರುವುದು ಉಜ್ಜುವ ಯಂತ್ರದ ಬಗ್ಗೆ. ಜೆಲ್‌ಕೋಟ್‌ನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪ್ರತಿ ಸಲ ಕಾಂಪೌಂಡ್ ಹಾಕಿದಾಗಲೂ ಅದು ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ರೋಟರಿ ಪಾಲಿಶರನ್ನು ಅಂಚು, ಮೂಲೆಗಳ ಮೇಲೆ ಒತ್ತಿ ಹಿಡಿದರೆ ಬಿಸಿಯೇರಿ, ಪದರ ತೆಳ್ಳಗಾಗಿ, ಒಳಗಿನ ಫೈಬರ್‌ನ ನೇಯ್ಗೆ ಕಾಣತೊಡಗುತ್ತದೆ. ಹಾಗಾದ ಮೇಲೆ ಪೇಂಟೋ ಹೊಸ ಜೆಲ್‌ಕೋಟೋ ಗತಿ. ಅದಕ್ಕೇ ಒಂದಡಿ ಚೌಕದ ಜಾಗದಲ್ಲಿ, ಅತಿ ನಯವಾದ ಕಾಂಪೌಂಡ್‌ನಿಂದ ಶುರುಮಾಡಿ ಮಾದರಿ ತೋರಿಸಲು ಹೇಳಿ. ಒರಟು ಕಾಂಪೌಂಡನ್ನೇ ಮೊದಲು ಎತ್ತಿಕೊಳ್ಳುವವರಿಗೆ ನಾನಂತೂ ಕೆಲಸ ಕೊಡುವುದಿಲ್ಲ.

ತಳಕ್ಕೆ ಬಳಿದಿರುವ ಆಂಟಿಫೌಲಿಂಗ್ ಪೇಂಟ್ (ಪಾಚಿ, ಚಿಪ್ಪು ಅಂಟದಂತೆ ತಡೆಯುವ ಬಣ್ಣ) ತಾನಾಗಿ ಸವೆಯುವ ಬಗೆಯದೋ ಗಟ್ಟಿ ಬಗೆಯದೋ ಎಂದು, ನೀರಿಗಿಳಿದು ತಳ ಉಜ್ಜುವ ಡೈವರ್‌ಗೆ ಮೊದಲೇ ತಿಳಿಸಿ. ಸವೆಯುವ ಬಗೆಯದಾದರೆ ಮೆತ್ತನೆಯ ಬಟ್ಟೆ ಸಾಕು. ಉಜ್ಜುವಾಗ ಸುತ್ತಲಿನ ನೀರಿಗೆ ತಳದ ಬಣ್ಣವೇ ಕದಡಿದರೆ, ಪಾಚಿಯ ಜೊತೆ ನಿಮ್ಮ ಪೇಂಟೂ ಹೋಗುತ್ತಿದೆ. ಸತುವಿನ ಆನೋಡ್‌ಗಳ (ಬೋಟಿನ ಲೋಹದ ಭಾಗಗಳು ಸವೆಯದಂತೆ ತಾವೇ ಕರಗುವ ತುಂಡುಗಳ) ಫೋಟೊ ತೆಗೆಸಿ. ಅರ್ಧ ಕರಗಿದ್ದರೆ ಬದಲಿಸಿ.

ತೇಗದ ಡೆಕ್ ಇದ್ದರೆ ಪ್ರೆಷರ್ ವಾಷರ್ ಬೇಡವೇ ಬೇಡ; ಮರದ ಮೆದು ಎಳೆ ಕಿತ್ತುಬಂದು ಮೇಲ್ಮೈ ತರಿತರಿಯಾಗುತ್ತದೆ. ಮೆತ್ತನೆಯ ಬ್ರಷ್‌ನಿಂದ, ಎಳೆಗೆ ಅಡ್ಡಲಾಗಿ ಉಜ್ಜಬೇಕು. ಅಕ್ರಿಲಿಕ್ ಕಿಟಕಿಗೆ ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಹಾಕಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಹಾನಿಯಾದರೆ ಭರಿಸುವ ಅವರ ವಿಮೆಯ ಪ್ರತಿ, ಕೆಲಸಕ್ಕೆ ಮುಂಚಿನ ಫೋಟೊ ಎರಡೂ ನಿಮ್ಮ ಬಳಿ ಇರಲಿ. ಬಿಲ್ಜ್‌ನಲ್ಲಿ (ನೀರು ಬಂದು ನಿಲ್ಲುವ ಬೋಟಿನ ಒಳತಳದಲ್ಲಿ) ಎಣ್ಣೆ ನಿಂತಿದ್ದರೆ ಸೋಪು ಸುರಿದು ಪಂಪ್ ಮಾಡಲು ಬಿಡಬೇಡಿ, ಅದು ನೇರ ನೀರಿಗೇ ಸೇರುತ್ತದೆ. ಎಣ್ಣೆ ಹೀರುವ ಪ್ಯಾಡ್ ತರುತ್ತಾರೋ ಎಂದು ಮೊದಲೇ ಕೇಳಿ.